ಮಸಾಜ್ ಥೆರಪಿ ಪರವಾನಗಿ ಪರೀಕ್ಷೆ: ಅಂಗರಚನೆಯನ್ನೂ ಗ್ರಾಹಕರ ತಪಾಸಣೆಯನ್ನೂ ಒಟ್ಟಿಗೆ ಓದುವ ಬಗೆ

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಮಸಾಜ್ ಥೆರಪಿಸ್ಟ್ ಆಗಿ ದುಡಿಯಲು ಆಯಾ ರಾಜ್ಯದ ಪರವಾನಗಿ ಬೇಕು. ಅದಕ್ಕೆ ಮೊದಲು ನಿಗದಿತ ಗಂಟೆಗಳ ಕಲಿಕೆ ಮುಗಿದಿರಬೇಕು. ಟೆಕ್ಸಾಸ್ 500 ಗಂಟೆ ಕೇಳಿದರೆ ನ್ಯೂಯಾರ್ಕ್ 1000 ಗಂಟೆ ಕೇಳುತ್ತದೆ. ಪರವಾನಗಿಗಾಗಿ ಬರೆಯುವ ಪರೀಕ್ಷೆಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಎಂಬ್ಲೆಕ್ಸ್ (MBLEx). ಈ ವೃತ್ತಿಗೆ ಪರವಾನಗಿ ಕೊಡುವ ರಾಜ್ಯ ಮಂಡಳಿಗಳ ಒಕ್ಕೂಟ 2007ರಲ್ಲಿ ಆರಂಭಿಸಿದ ಈ ಪರೀಕ್ಷೆಯಲ್ಲಿ 110 ನಿಮಿಷಗಳಲ್ಲಿ 100 ಬಹು ಆಯ್ಕೆಯ ಪ್ರಶ್ನೆಗಳನ್ನು ಉತ್ತರಿಸಬೇಕು, 300ರಿಂದ 900ರವರೆಗಿನ ಅಂಕಮಾನದಲ್ಲಿ 630 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೇರ್ಗಡೆ. ಬೆಂಗಳೂರಿನಲ್ಲಿ ಸ್ಪಾ ಥೆರಪಿಸ್ಟ್ ತರಬೇತಿ ಮುಗಿಸಿ ವಿದೇಶದಲ್ಲಿ ಇದೇ ವೃತ್ತಿಯನ್ನು ಮುಂದುವರಿಸಬೇಕೆಂದಿರುವವರು, ಕುಟುಂಬದ ಜೊತೆ ಅಲ್ಲಿಗೆ ಹೋಗಿ ಹೊಸದಾಗಿ ಓದಲಿರುವವರು, ಹೀಗೆ ಹಲವರು ಇದರ ಸಿದ್ಧತೆಯನ್ನು ಇಲ್ಲಿಂದಲೇ ಶುರುಮಾಡುತ್ತಾರೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಪರೀಕ್ಷೆಯ ಯೋಚನೆಯಿಲ್ಲದೆ ನಗರದ ಸ್ಪಾಗಳಲ್ಲಿ ಕೆಲಸ ಮಾಡುವವರಿಗೂ ಇದರಲ್ಲಿ ಹೆಚ್ಚಿನದು ನೇರವಾಗಿ ಒದಗುತ್ತದೆ.

ಓದಲು ಕೂತವರಲ್ಲಿ ಹೆಚ್ಚಿನವರು 206 ಮೂಳೆಗಳ ಹೆಸರನ್ನು ಬಾಯಿಪಾಠ ಮಾಡುವುದರಿಂದ ತೊಡಗುತ್ತಾರೆ. ಆದರೆ ಒಕ್ಕೂಟದ ಪಠ್ಯಸೂಚಿಯಲ್ಲಿ ಅನಾಟಮಿ ಮತ್ತು ಫಿಸಿಯಾಲಜಿಗೆ ಶೇ. 11, ಚಲನೆಯ ಶಾಸ್ತ್ರವಾದ ಕೈನೀಸಿಯಾಲಜಿಗೆ ಶೇ. 12, ರೋಗಲಕ್ಷಣಗಳು ಮತ್ತು ಮಸಾಜ್ ನಿಷಿದ್ಧವಾದ ಸಂದರ್ಭಗಳಿಗೆ ಶೇ. 14 ಪಾಲಿದ್ದರೆ, ಗ್ರಾಹಕರ ತಪಾಸಣೆ, ಮರುತಪಾಸಣೆ ಮತ್ತು ಚಿಕಿತ್ಸಾ ಯೋಜನೆಗೆ ಎಲ್ಲಕ್ಕಿಂತ ಹೆಚ್ಚು, ಅಂದರೆ ಶೇ. 17 ಪಾಲಿದೆ. ಈ ನಾಲ್ಕನ್ನು ನಾಲ್ಕು ಪುಸ್ತಕಗಳಂತೆ ಬೇರೆ ಬೇರೆ ಓದುವುದು ವ್ಯರ್ಥ ಶ್ರಮ ಎಂಬುದು ನನ್ನ ಅಭಿಪ್ರಾಯ. ಎದುರಿಗೆ ಕೂತ ಮನುಷ್ಯನ ದೂರಿಗೆ ಯಾವ ಅಂಗಾಂಶ ಕಾರಣವಿರಬಹುದು, ಅದನ್ನು ಮುಟ್ಟಬಹುದೇ ಬಾರದೇ ಎಂದು ತೀರ್ಮಾನಿಸುವುದಕ್ಕೇ ಅಂಗರಚನೆ ಬೇಕಾಗಿರುವುದರಿಂದ, ಓದನ್ನೂ ಆ ತೀರ್ಮಾನದ ಸುತ್ತಲೇ ಕಟ್ಟಿಕೊಳ್ಳಬೇಕು.

ಮೊದಲು ಬೆರಳಿಗೆ ಸಿಗುವ ಗುರುತುಗಳು

ಮೂಳೆಯ ಗುರುತುಗಳನ್ನು ಚಿತ್ರದಲ್ಲಿ ನೋಡುವುದಕ್ಕಿಂತ ಮೈಮೇಲೆ ಹುಡುಕುವುದು ಬೇಗ ನೆನಪಿಗೆ ಕೂರುತ್ತದೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಉಬ್ಬು ಸಾಮಾನ್ಯವಾಗಿ ಕತ್ತಿನ ಏಳನೆಯ ಕಶೇರುಕ, ಅಂದರೆ ಬೆನ್ನುಮೂಳೆಯ ಒಂದು ತುಂಡು. ಕೈ ಇಳಿಬಿಟ್ಟು ನಿಂತಾಗ ಬೆನ್ನಿನ ರೆಕ್ಕೆಯ ಮೂಳೆ, ಅಂದರೆ ಸ್ಕ್ಯಾಪ್ಯುಲಾದ ಕೆಳತುದಿ ಹೆಚ್ಚುಕಡಿಮೆ ಎದೆಯ ಏಳನೆಯ ಕಶೇರುಕದ ಮಟ್ಟಕ್ಕೆ ಬರುತ್ತದೆ. ಸೊಂಟದ ಮೇಲೆ ಎರಡೂ ಕೈಯಿಟ್ಟು ನಿಂತರೆ ಅಂಗೈಗೆ ತಾಗುವ ಮೂಳೆಯ ಅಂಚಿನ ಮಟ್ಟದಲ್ಲಿ ಸೊಂಟದ ನಾಲ್ಕನೆಯ ಕಶೇರುಕವಿರುತ್ತದೆ. ಕತ್ತಿನಲ್ಲಿ 7, ಎದೆಯಲ್ಲಿ 12, ಸೊಂಟದಲ್ಲಿ 5 ಎಂಬ ಲೆಕ್ಕವನ್ನು ಈ ಗುರುತುಗಳಿಗೆ ಹೊಂದಿಸಿಕೊಂಡರೆ ಸಂಖ್ಯೆಗಳು ಒಂಟಿಯಾಗಿ ಉಳಿಯುವುದಿಲ್ಲ.

ಸ್ನಾಯುಗಳ ವಿಷಯದಲ್ಲಿ ಪ್ರತಿಯೊಂದಕ್ಕೂ ನಾಲ್ಕು ಸಂಗತಿಗಳನ್ನು ತಿಳಿದಿರಬೇಕು: ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ಅಂಟುತ್ತದೆ, ಯಾವ ಚಲನೆ ಮಾಡಿಸುತ್ತದೆ, ಯಾವ ನರ ಅದಕ್ಕೆ ಹೋಗುತ್ತದೆ. ಎಲ್ಲ ಸ್ನಾಯುಗಳನ್ನೂ ಅಕ್ಷರಮಾಲೆಯಂತೆ ಓದುವ ಬದಲು ದೂರುಗಳ ಪ್ರಕಾರ ಗುಂಪು ಮಾಡಿಕೊಳ್ಳುವುದು ಒಳ್ಳೆಯದು. ವೈಟ್‌ಫೀಲ್ಡ್‌ನಲ್ಲೋ ಹೊರ ವರ್ತುಲ ರಸ್ತೆಯ ಕಚೇರಿಯಲ್ಲೋ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕತ್ತು ಚಾಚಿ ಕೂರುವವರಲ್ಲಿ ಕತ್ತಿನಿಂದ ಭುಜದತ್ತ ಇಳಿಯುವ ಮೇಲಿನ ಟ್ರೆಪೀಜಿಯಸ್ ಮತ್ತು ಲೆವೇಟರ್ ಸ್ಕ್ಯಾಪ್ಯುಲೇ, ತಲೆಬುರುಡೆಯ ಬುಡದ ಪುಟ್ಟ ಸ್ನಾಯುಗಳು ಮತ್ತು ಎದೆಯ ಪೆಕ್ಟೊರಾಲಿಸ್ ಬಿಗಿಯಾಗಿ, ಕತ್ತಿನ ಮುಂದಿನ ಆಳದ ಸ್ನಾಯುಗಳೂ ಬೆನ್ನಿನ ರಾಂಬಾಯ್ಡ್ ಮತ್ತು ಕೆಳಗಿನ ಟ್ರೆಪೀಜಿಯಸ್ ಕೂಡ ದುರ್ಬಲವಾಗಿರುವ ವಿನ್ಯಾಸ ಮತ್ತೆ ಮತ್ತೆ ಕಾಣುತ್ತದೆ. ಇದನ್ನು ವ್ಲಾಡಿಮಿರ್ ಯಾಂಡಾ ಎಂಬ ಚೆಕ್ ವೈದ್ಯರು ವಿವರಿಸಿದರು. ಪಠ್ಯಗಳಲ್ಲಿ ಅಪ್ಪರ್ ಕ್ರಾಸ್ಡ್ ಸಿಂಡ್ರೋಮ್ ಎಂದಿರುತ್ತದೆ. ನೋಯುವುದು ಬೆನ್ನಿನ ಕಡೆಯಾದರೂ ಬಿಗಿತ ಎದೆಯ ಕಡೆಯೂ ಇರುತ್ತದೆ ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ, ಪ್ರಶ್ನೆಯೂ ಹೆಚ್ಚಾಗಿ ಅದರ ಮೇಲೆಯೇ ಬರುತ್ತದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರ ಮಣಿಕಟ್ಟನ್ನೂ ದರ್ಶಿನಿಯ ಒಲೆಯ ಮುಂದೆ ಇಡೀ ದಿನ ನಿಲ್ಲುವವರ ಮೀನಖಂಡವನ್ನೂ ಇದೇ ರೀತಿ ಒಂದೊಂದು ಗುಂಪಾಗಿ ಓದಬಹುದು.

ಬೆರಳು ಒತ್ತಬಾರದ ಜಾಗಗಳನ್ನು ಮಾತ್ರ ಯಾವ ಸಬೂಬೂ ಇಲ್ಲದೆ ಕಂಠಪಾಠ ಮಾಡಬೇಕು. ಕತ್ತಿನ ಮುಂಭಾಗದಲ್ಲಿ ಕ್ಯಾರೋಟಿಡ್ ಅಪಧಮನಿ, ಜುಗುಲಾರ್ ಅಭಿಧಮನಿ ಮತ್ತು ವೇಗಸ್ ನರ ಹಾದುಹೋಗುತ್ತವೆ. ಕತ್ತಿನ ಪಕ್ಕದಲ್ಲಿ ಕಾಲರ್ ಬೋನ್‌ನ ಮೇಲೂ ಕಂಕುಳಿನಲ್ಲೂ ತೋಳಿಗೆ ಹೋಗುವ ನರಗಳ ಜಾಲವಿದೆ. ಮೊಣಕೈಯ ಮುಂದಿನ ಮಡಿಕೆ, ತೊಡೆಸಂದು, ಮಂಡಿಯ ಹಿಂದಿನ ಗುಳಿ ಇವುಗಳಲ್ಲಿ ರಕ್ತನಾಳ ಮತ್ತು ನರಗಳು ಚರ್ಮಕ್ಕೆ ಹತ್ತಿರವಾಗಿವೆ. ಬೆನ್ನಿನ ಕೆಳಪಕ್ಕೆಲುಬುಗಳ ಬಳಿ ಮೂತ್ರಪಿಂಡಗಳಿರುವುದರಿಂದ ಅಲ್ಲಿ ಬಲವಾಗಿ ತಟ್ಟುವಂತಿಲ್ಲ.

ಕೇಳುವುದು, ನೋಡುವುದು, ಮುಟ್ಟುವುದು, ಚಲಿಸುವುದು

ತಪಾಸಣೆಯ ಕ್ರಮವನ್ನು ಪರೀಕ್ಷೆ ಪದೇ ಪದೇ ಕೆದಕುತ್ತದೆ. ಆರೋಗ್ಯ ವಿವರದ ಫಾರಂ, ಅದರ ಬಗ್ಗೆ ಮಾತುಕತೆ, ಭಂಗಿ ಮತ್ತು ನಡಿಗೆಯ ವೀಕ್ಷಣೆ, ಮುಟ್ಟಿ ನೋಡುವುದು, ಕೀಲುಗಳ ಚಲನೆಯ ಪರೀಕ್ಷೆ, ಯೋಜನೆ, ಒಪ್ಪಿಗೆ, ಇಷ್ಟಾದ ಮೇಲೆ ಮಸಾಜ್.

ಮಾತುಕತೆಯೇ ಇವುಗಳಲ್ಲಿ ಕಷ್ಟದ್ದು. ಫಾರಂನಲ್ಲಿ ಎಲ್ಲಕ್ಕೂ ಇಲ್ಲ ಎಂದು ಗುರುತು ಹಾಕಿದವರನ್ನು ನೇರವಾಗಿ ‘ನಿಮಗೆ ಏನಾದರೂ ಕಾಯಿಲೆ ಇದೆಯೇ’ ಎಂದು ಕೇಳಿದರೆ ‘ಅಂಥದ್ದೇನೂ ಇಲ್ಲ’ ಎಂಬ ಉತ್ತರವೇ ಬರುತ್ತದೆ. ‘ದಿನಾ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಮೇಡಂ’ ಎಂದು ಕೇಳಿ ನೋಡಿ. ಬಿಪಿ ಮಾತ್ರೆ, ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಒಂದೊಂದಾಗಿ ಹೊರಬರುತ್ತವೆ. ಆ ಮಾತ್ರೆಗಳು ಒತ್ತಡದ ಪ್ರಮಾಣವನ್ನೇ ಬದಲಿಸುತ್ತವೆ: ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೆ ಆಳವಾದ ಒತ್ತಡದಿಂದ ಮೈ ಕಂದಬಹುದು, ಮಧುಮೇಹ ಹಳೆಯದಾಗಿ ಪಾದದ ಸ್ಪರ್ಶಜ್ಞಾನ ಕುಂದಿದವರು ‘ಒತ್ತಡ ಸರಿಯಾಗಿದೆ’ ಎಂದರೂ ಆ ಮಾತನ್ನು ನೆಚ್ಚುವಂತಿಲ್ಲ. ಇನ್ಸುಲಿನ್ ಚುಚ್ಚಿಕೊಂಡ ಜಾಗವನ್ನೂ ಬಿಟ್ಟುಬಿಡಬೇಕು.

ನೋವಿನ ಬಗ್ಗೆ ಕೇಳುವಾಗ ಎಲ್ಲಿ, ಯಾವಾಗಿನಿಂದ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ಇಳಿಯುತ್ತದೆ, ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಎಷ್ಟು ಎಂಬ ಪ್ರಶ್ನೆಗಳು ಸಾಲವು. ಎಂಥ ನೋವು ಎಂಬುದೂ ಬೇಕು. ‘ಸೊಂಟ ಹಿಡಿದಿದೆ’ ಎಂದಾಗ ಸ್ನಾಯುವಿನ ಕಡೆ ಯೋಚನೆ ಹೋಗಬಹುದು. ‘ಜೋಮು ಹಿಡಿಯುತ್ತದೆ, ಕಾಲಿನವರೆಗೂ ಎಳೆಯುತ್ತದೆ’ ಎಂದಾಗ ನರದ ಮೇಲೆ ಒತ್ತಡವಿರಬಹುದೆಂದು ಎಚ್ಚರವಾಗಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಜೋಮು ಮೀಡಿಯನ್ ನರದತ್ತ ಬೆರಳು ಮಾಡಿದರೆ ಕಿರುಬೆರಳಿನದು ಅಲ್ನಾರ್ ನರದತ್ತ ಕರೆದೊಯ್ಯುತ್ತದೆ. ನಮ್ಮ ಊರಿನಲ್ಲಿ ಇನ್ನೊಂದು ಮಾತಿನ ಬಗ್ಗೆ ವಿಶೇಷ ಜಾಗರೂಕತೆ ಬೇಕು: ಎದೆಯ ನಡುವಿನ ಒತ್ತನ್ನೂ ಎಡ ಭುಜದ ನೋವನ್ನೂ ‘ಗ್ಯಾಸ್ಟ್ರಿಕ್ ಇರಬೇಕು, ಸ್ವಲ್ಪ ಉಜ್ಜಿ’ ಎಂದು ಹೇಳಿಕೊಂಡು ಬರುವವರಿದ್ದಾರೆ. ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆಯೇ, ಬೆವರು, ಉಸಿರುಗಟ್ಟುವಿಕೆ, ವಾಕರಿಕೆ ಇದೆಯೇ ಎಂದು ಕೇಳಿ, ಹೌದೆಂದರೆ ಎಣ್ಣೆಯ ಬಾಟಲಿಯನ್ನು ಬದಿಗಿಟ್ಟು 108ಕ್ಕೆ ಕರೆ ಮಾಡಬೇಕು.

ವೀಕ್ಷಣೆಗೆ ತೂಕದ ದಾರವನ್ನು ಕಲ್ಪಿಸಿಕೊಳ್ಳಿ. ಪಕ್ಕದಿಂದ ನೋಡಿದಾಗ ಅದು ಕಿವಿ, ಭುಜದ ತುದಿ, ತೊಡೆಮೂಳೆಯ ಹೊರಗಿನ ಉಬ್ಬು, ಮಂಡಿಯ ನಡುವಿಗಿಂತ ತುಸು ಮುಂದೆ, ಕಾಲಗಂಟಿನ ತುಸು ಮುಂದೆ ಹಾಯಬೇಕು. ಮುಟ್ಟಿ ನೋಡುವಾಗ ಬಿಸಿ, ಬಿಗಿ, ಊತ, ಗಂಟು, ಚರ್ಮದ ಸ್ಥಿತಿ ಇವನ್ನು ಎರಡೂ ಬದಿಯಲ್ಲಿ ಹೋಲಿಸಬೇಕು. ಹುಳುಕಡ್ಡಿಯಂಥ ಸೋಂಕು ಕಂಡರೆ ಅಲ್ಲಿಗೆ ಕೈ ಹಾಕುವಂತಿಲ್ಲ, ಹೊದಿಕೆಯನ್ನೂ ಪ್ರತ್ಯೇಕವಾಗಿ ಒಗೆಯಬೇಕು.

ಚಲನೆಯ ಪರೀಕ್ಷೆಯಲ್ಲಿ ಅಂಗರಚನೆ ಮತ್ತು ತಪಾಸಣೆ ನಿಜವಾಗಿ ಒಂದಾಗುತ್ತವೆ. ಮೊದಲು ಗ್ರಾಹಕರು ತಾವೇ ಅಂಗವನ್ನು ಚಲಿಸುವುದು ಸಕ್ರಿಯ ಚಲನೆ; ನಂತರ ಅವರು ಸಡಿಲಬಿಟ್ಟಾಗ ಥೆರಪಿಸ್ಟ್ ಚಲಿಸುವುದು ನಿಷ್ಕ್ರಿಯ ಚಲನೆ; ಕೊನೆಗೆ ಅಂಗ ಅಲುಗದಂತೆ ತಡೆದು ಅವರು ಬಲ ಹಾಕುವುದು ತಡೆಯೊಡ್ಡಿದ ಚಲನೆ. ತಡೆಯೊಡ್ಡಿದಾಗ ಸ್ನಾಯು ಮತ್ತು ಅದನ್ನು ಮೂಳೆಗೆ ಕಟ್ಟುವ ರಜ್ಜು ಕೆಲಸ ಮಾಡುತ್ತವೆ, ಕೀಲು ಹೆಚ್ಚು ಅಲುಗುವುದಿಲ್ಲ. ಹಾಗಾಗಿ ಅಲ್ಲಿ ನೋವು ಬಂದರೆ ಸ್ನಾಯು ಅಥವಾ ರಜ್ಜುವಿನ ಮೇಲೆ ಅನುಮಾನ. ಒಂದೇ ದಿಕ್ಕಿನ ಸಕ್ರಿಯ ಮತ್ತು ನಿಷ್ಕ್ರಿಯ ಚಲನೆಗಳೆರಡರಲ್ಲೂ ನೋವಿದ್ದು, ತಡೆದಾಗ ಇಲ್ಲವಾದರೆ ಕೀಲಿನ ಕವಚ ಅಥವಾ ಮೂಳೆಯನ್ನು ಮೂಳೆಗೆ ಕಟ್ಟುವ ಅಸ್ಥಿರಜ್ಜುವಿನ ಮೇಲೆ ಅನುಮಾನ. ಈ ತರ್ಕವನ್ನು ರೂಪಿಸಿದವರು ಬ್ರಿಟಿಷ್ ವೈದ್ಯ ಜೇಮ್ಸ್ ಸಿರಿಯಾಕ್ಸ್.

ಜಡೆ ಹಾಕಿಕೊಳ್ಳಲು ಕೈ ಮೇಲೇಳುವುದಿಲ್ಲ ಎನ್ನುವ, ಶುಗರ್ ಇರುವ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರೆಂದು ಇಟ್ಟುಕೊಳ್ಳಿ. ಭುಜವನ್ನು ಹಿಡಿದಿಡುವ ರೊಟೇಟರ್ ಕಫ್‌ನಲ್ಲಿ ಸುಪ್ರಸ್ಪೈನೇಟಸ್, ಇನ್ಫ್ರಾಸ್ಪೈನೇಟಸ್, ಟೆರೀಸ್ ಮೈನರ್, ಸಬ್‌ಸ್ಕ್ಯಾಪ್ಯುಲಾರಿಸ್ ಎಂಬ ನಾಲ್ಕು ಸ್ನಾಯುಗಳಿವೆ. ಅವರು ತಾವಾಗಿ ಕೈಯೆತ್ತಲಾರರು, ಆದರೆ ನೀವು ಎತ್ತಿದಾಗ ಕೈ ಹೆಚ್ಚುಕಡಿಮೆ ಪೂರ್ತಿ ಮೇಲೇರಿ, ತಡೆದು ಬಲ ಹಾಕಿಸಿದಾಗ ನೋವು ಬಂದರೆ ಈ ನಾಲ್ಕರಲ್ಲೊಂದು ಕಾರಣವಿರಬಹುದು. ನೀವು ಎತ್ತಿದರೂ ಕೈ ಮೇಲೇಳದೆ, ಅದರಲ್ಲೂ ಮೊಣಕೈಯನ್ನು ಮಡಿಸಿ ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಗೆ ತಿರುಗಿಸುವಾಗ ಅರ್ಧಕ್ಕೇ ನಿಂತುಬಿಟ್ಟರೆ ಕೀಲಿನ ಕವಚವೇ ಬಿಗಿದಿರುವ ಸಾಧ್ಯತೆಯಿದೆ. ಫ್ರೋಜನ್ ಶೋಲ್ಡರ್ ಮಧುಮೇಹಿಗಳಲ್ಲಿ ಉಳಿದವರಿಗಿಂತ ಹೆಚ್ಚು. ಈಗ ಪರೀಕ್ಷೆಯ ಪ್ರಶ್ನೆ: ಥೆರಪಿಸ್ಟ್ ಏನು ಮಾಡಬೇಕು? ‘ನಿಮಗೆ ಫ್ರೋಜನ್ ಶೋಲ್ಡರ್ ಆಗಿದೆ’ ಎಂದು ಹೇಳುವ ಆಯ್ಕೆ ಎಷ್ಟೇ ಬುದ್ಧಿವಂತಿಕೆಯದ್ದಾಗಿ ಕಂಡರೂ ತಪ್ಪು, ಏಕೆಂದರೆ ರೋಗನಿರ್ಣಯ ಮಸಾಜ್ ಥೆರಪಿಸ್ಟರ ವೃತ್ತಿವ್ಯಾಪ್ತಿಯಲ್ಲಿಲ್ಲ. ಕಂಡದ್ದನ್ನು ದಾಖಲಿಸಿ, ವೈದ್ಯರಿಗೆ ತೋರಿಸುವಂತೆ ಹೇಳಿ, ಬಲವಂತದ ಎಳೆತವಿಲ್ಲದೆ ಸುತ್ತಲಿನ ಸ್ನಾಯುಗಳಿಗಷ್ಟೇ ಕೆಲಸ ಮಾಡುವ ಆಯ್ಕೆ ಸರಿ.

ಕೈ ಹಾಕಬಾರದ ಸಂದರ್ಭಗಳು

ಜ್ವರವಿದ್ದಾಗ ಮಸಾಜ್ ಇಲ್ಲ. ಮಳೆಗಾಲದ ಬೆಂಗಳೂರಿನಲ್ಲಿ ಇದಕ್ಕೆ ಇನ್ನಷ್ಟು ತೂಕವಿದೆ, ಏಕೆಂದರೆ ಮೈಕೈ ನೋವೆಂದು ಬಂದವರಿಗೆ ಡೆಂಗಿ ಇರಬಹುದು, ಪ್ಲೇಟ್‌ಲೆಟ್ ಇಳಿದ ಮೈಯನ್ನು ಒತ್ತಿದರೆ ಚರ್ಮದಡಿ ರಕ್ತಸ್ರಾವವಾಗಬಹುದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಕೆಂಪಗೆ ನೋಯುತ್ತಿದ್ದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿತ್ತೇ, ದೀರ್ಘ ವಿಮಾನ ಪ್ರಯಾಣ ಮಾಡಿದ್ದರೇ ಎಂದು ಕೇಳಬೇಕು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದು ನೇರ ಸ್ಪಾಗೆ ಬರುವವರು ಕಡಿಮೆಯೇನಿಲ್ಲ. ಒತ್ತಿದ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಾಪಾಯ, ಆದ್ದರಿಂದ ಇಲ್ಲಿ ‘ಹಗುರವಾಗಿ ಮಾಡೋಣ’ ಎಂಬ ರಾಜಿಯೂ ಇಲ್ಲ. ಕೂಡಲೇ ಆಸ್ಪತ್ರೆಗೆ ಕಳಿಸಬೇಕು. ಸೊಂಟನೋವಿನ ಜೊತೆ ತೊಡೆಸಂದಿಯ ಸುತ್ತ ಮರಗಟ್ಟುವಿಕೆ, ಮಲಮೂತ್ರದ ಹಿಡಿತ ತಪ್ಪುವಿಕೆ ಇದ್ದರೂ ಅದೇ ತುರ್ತು.

ಉಳಿದವು ಭಾಗಶಃ ನಿಷೇಧಗಳು. ಉಬ್ಬಿದ ವೆರಿಕೋಸ್ ನಾಳಗಳ ಮೇಲೆ ಆಳದ ಒತ್ತಡ ಬೇಡ. ಗರ್ಭಿಣಿಯರನ್ನು ತಿಂಗಳು ತುಂಬುತ್ತ ಹೋದಂತೆ ಅಂಗಾತ ಮಲಗಿಸಿದರೆ ಗರ್ಭದ ಭಾರ ವೀನಾ ಕೇವಾ ಎಂಬ ದೊಡ್ಡ ಅಭಿಧಮನಿಯನ್ನು ಒತ್ತುವುದರಿಂದ ದಿಂಬುಗಳ ಆಸರೆಯಲ್ಲಿ ಪಕ್ಕಕ್ಕೆ ಮಲಗಿಸಬೇಕು.

ದಾಖಲೆ

ಕಂಡದ್ದನ್ನು ಸೋಪ್ (SOAP) ಎಂಬ ನಾಲ್ಕು ಭಾಗದ ಕ್ರಮದಲ್ಲಿ ಬರೆಯುತ್ತಾರೆ. ಮೊದಲ ಭಾಗಕ್ಕೆ ಗ್ರಾಹಕರು ಹೇಳಿದ್ದು, ಎರಡನೆಯದಕ್ಕೆ ನೀವು ಕಂಡದ್ದು ಮತ್ತು ಅಳೆದದ್ದು, ಮೂರನೆಯದಕ್ಕೆ ಕೊಟ್ಟ ಚಿಕಿತ್ಸೆ ಮತ್ತು ಅದರಿಂದಾದ ಬದಲಾವಣೆ, ನಾಲ್ಕನೆಯದಕ್ಕೆ ಮುಂದಿನ ಯೋಜನೆ. ‘ನೋವು ಹತ್ತಕ್ಕೆ ಏಳು’ ಎಂಬುದು ಸಂಖ್ಯೆಯ ರೂಪದಲ್ಲಿದ್ದರೂ ಗ್ರಾಹಕರ ಮಾತೇ ಆದ್ದರಿಂದ ಮೊದಲ ಭಾಗಕ್ಕೇ ಸೇರುತ್ತದೆ. ಇಲ್ಲಿ ಎಡವುವವರು ಬಹಳ. ಮಸಾಜ್ ಮುಗಿದ ಮೇಲೆ ಮೊದಲು ಪರೀಕ್ಷಿಸಿದ ಅದೇ ಚಲನೆಯನ್ನು ಅದೇ ರೀತಿ ಮತ್ತೆ ಮಾಡಿಸಿ, ವ್ಯತ್ಯಾಸವನ್ನು ಬರೆಯುವುದೇ ಮರುತಪಾಸಣೆ.

ಎಂಬ್ಲೆಕ್ಸ್ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ಮಾತ್ರ ನಡೆಯುವುದರಿಂದ, ಸಹಪಾಠಿಗಳ ಮೇಲೆ ಅಭ್ಯಾಸ ಮಾಡುವಾಗ ಮಾತುಕತೆ ಕನ್ನಡದಲ್ಲಿದ್ದರೂ ದಾಖಲೆಯನ್ನು ಇಂಗ್ಲಿಷಿನಲ್ಲಿ ಬರೆದು ರೂಢಿಸಿಕೊಳ್ಳಬೇಕು. ಬರೆದದ್ದನ್ನು, ತಪಾಸಣೆಯ ಹೊತ್ತಿನಲ್ಲಿ ಅಲ್ಲಿರದಿದ್ದ ಇನ್ನೊಬ್ಬ ಸಹಪಾಠಿಗೆ ಕೊಟ್ಟು, ಯಾವ ಭುಜ, ಯಾವ ಚಲನೆ, ಎಷ್ಟು ಎಂದು ಅದರಿಂದಲೇ ಹೇಳಿಸಿ. ಅವರು ತಡವರಿಸಿದ ಕಡೆ ದಾಖಲೆಯನ್ನು ತಿದ್ದಿ.