ಅಕ್ವೇರಿಯಂನ ಮರದ ತುಂಡಿಗೆ ಕಟ್ಟಿದ ಬಿಳಿ ಲೋಳೆ ಹೋಗಿದ್ದು ಹೀಗೆ

ಹೊಸ ಮರದ ಬೇರನ್ನು ಅಕ್ವೇರಿಯಂಗೆ ಇಳಿಸಿದ ಕೆಲವೇ ದಿನಗಳಲ್ಲಿ ಅದರ ಮೇಲೆ ಬಿಳಿ ಲೋಳೆ ಕಟ್ಟಿತು. ಕತ್ತರಿಸಿದ ತುದಿಗಳಲ್ಲಿ ದಪ್ಪ, ನಯವಾದ ಭಾಗಗಳಲ್ಲಿ ತೆಳು. ಫಿಲ್ಟರಿನ ನೀರು ತಾಗಿದಾಗಲೆಲ್ಲ ಹತ್ತಿಯ ಎಳೆಗಳಂತೆ ಅಲುಗಾಡುತ್ತಿತ್ತು.

ಇದು ಪಾಚಿಯಲ್ಲ. ಮರದಿಂದ ಒಸರುವ ಸಕ್ಕರೆಯಂಶವನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಪದರ. ಆದ್ದರಿಂದ ದೀಪ ಆರಿಸಿಟ್ಟರೆ ಹೋಗುವುದಿಲ್ಲ. ಪಾಚಿನಾಶಕ ಸುರಿಯುವುದಂತೂ ಬೇಡವೇ ಬೇಡ. ಅದರಲ್ಲಿ ತಾಮ್ರವಿದ್ದರೆ ಸಿಗಡಿ, ಬಸವನಹುಳುಗಳು ಸಾಯುತ್ತವೆ. ಮೀನುಗಳಿಗೆ ಈ ಲೋಳೆಯಿಂದ ಸಾಮಾನ್ಯವಾಗಿ ತೊಂದರೆಯಿಲ್ಲ.

ನಾನು ಮರವನ್ನು ಹೊರತೆಗೆದು, ನಲ್ಲಿಯ ಕೆಳಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದುಗೊಂದುಗಳನ್ನೆಲ್ಲ ಉಜ್ಜಿದೆ. ಸೋಪು ಮುಟ್ಟಿಸಲಿಲ್ಲ. ನಂತರ ದೊಡ್ಡ ಪಾತ್ರೆಯಲ್ಲಿ ಕುದಿಸಿದೆ. ಮೊದಲ ನೀರು ಕಡುಕಂದಾಗಿತ್ತು. ಅದನ್ನು ಚೆಲ್ಲಿ, ಬಣ್ಣ ತಿಳಿಯಾಗುವವರೆಗೆ ಮತ್ತೆ ಮತ್ತೆ ಕುದಿಸಿದೆ. ಆ ಕಂದು ಬಣ್ಣ ಮರದಲ್ಲೇ ಇರುವ ಒಗರು ಪದಾರ್ಥವಾದ ಟ್ಯಾನಿನ್‌ನದು, ಅದಕ್ಕೆ ಹೆದರಬೇಕಿಲ್ಲ.

ಮರಳಿ ಇಟ್ಟ ಮೇಲೆ ಲೋಳೆ ಮತ್ತೆ ಬಂತು, ಆದರೆ ತೀರಾ ತೆಳುವಾಗಿ. ವಾರದ ನೀರು ಬದಲಾವಣೆಯ ಹೊತ್ತಿಗೆ ಪೈಪಿನಿಂದ ಅದನ್ನು ಹೀರಿ ತೆಗೆದೆ. ಉಳಿದದ್ದನ್ನು ಚೆರ್ರಿ ಸಿಗಡಿಗಳು ನೋಡಿಕೊಂಡವು: ಪುಟ್ಟ ಮುಂಗಾಲುಗಳಿಂದ ಒಂದೊಂದೇ ಚೂರು ಕಿತ್ತು ಬಾಯಿಗಿಡುವುದನ್ನು ನೋಡುತ್ತಾ ಕೂರುವುದೇ ಸೊಗಸು. ಮರದ ಸಕ್ಕರೆ ಮುಗಿದಂತೆ ಲೋಳೆಯೂ ನಿಂತಿತು.

ಒಂದು ಎಚ್ಚರಿಕೆ: ಉಗುರು ಒತ್ತಿದರೆ ಮರವೇ ಮೆತ್ತಗೆ ಕುಸಿದು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕುದಿಸುವ ಶ್ರಮ ಬೇಡ. ಅಂಥ ತುಂಡನ್ನು ಎಸೆದುಬಿಡಿ.