ಒಂದೇ ಕೋವಿ, ಎರಡು ನಳಿಗೆ: ಮನೆಗೂ ಶಿಕಾರಿಗೂ 20 ಬೋರ್ ಸಾಕಾದ ನನ್ನ ಅನುಭವ

"ಮನೆಗೊಂದು, ಕಾಡಿಗೊಂದು ಕೋವಿ ಬೇಕೇ ಬೇಕು. ಒಂದರಲ್ಲೇ ಎರಡೂ ಮಾಡ್ತೀನಿ ಅಂದ್ರೆ ಎರಡೂ ಕೆಡುತ್ತೆ." ನನ್ನ ಶಿಕಾರಿ ಜೊತೆಗಾರರೆಲ್ಲ ಹೇಳಿದ್ದು ಇದನ್ನೇ. ಅದರಲ್ಲೂ ನಾನು 20 ಬೋರ್ (12 ಬೋರಿಗಿಂತ ಸಣ್ಣ ನಳಿಗೆಯ, ಕಮ್ಮಿ ಒದೆಯುವ ಛರ್ರೆ ಕೋವಿ) ಅಂದಾಗ, ಹಂದಿ ಹೊಡೆಯೋಕೆ ಅದಾಗಲ್ಲ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟರು. ಈಗ ನಾಲ್ಕು ಸೀಸನ್ ಆಯ್ತು. ಏಳು ಹಂದಿ ಬಿದ್ದಿವೆ. ಮನೆಯಲ್ಲಿ ನನ್ನಷ್ಟೇ ಧೈರ್ಯವಾಗಿ ನನ್ನ ಹೆಂಡತಿಯೂ ಅದೇ ಕೋವಿ ಹಿಡಿಯುತ್ತಾಳೆ. ಹಾಗಾಗಿ ಬರೆಯುತ್ತಿದ್ದೇನೆ. ಪರವಾನಗಿಯೂ ಬೇಟೆಗೆ ಅನುಮತಿಯೂ ಇರುವವರಿಗೆ ಮಾತ್ರ ಈ ಮಾತು.

ಮೊದಲು ಹಣ ಕಳೆದುಕೊಂಡ ಕಥೆ. ನಾನು ಮೊದಲು ಕೊಂಡಿದ್ದು .30-06 ರೈಫಲ್. ಕಾಡಿನಲ್ಲಿ ಅದಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಮನೆಯೊಳಗೆ? ಆ ಗುಂಡು ಗೋಡೆ ದಾಟಿ ಪಕ್ಕದ ಕೋಣೆಗೆ ಹೋಗುತ್ತೆ, ಅಲ್ಲಿಂದಲೂ ಮುಂದೆ ಹೋಗುತ್ತೆ. ಮಕ್ಕಳು ಮಲಗುವ ಮನೆಗೆ ಅದು ಅಲ್ಲವೇ ಅಲ್ಲ. ಅದಕ್ಕೇ ಅಂತ ಬೇರೆಯಾಗಿ ಒಂದು 12 ಬೋರ್ ತಂದೆ. ಉದ್ದ ನಳಿಗೆ, ಸುಮಾರು 76 ಸೆಂಟಿಮೀಟರ್, ಫುಲ್ ಚೋಕ್ (ಬಾಯಿ ಕಿರಿದಾದದ್ದು). ಬಾಗಿಲಲ್ಲಿ ತಿರುಗಿಸೋಕೇ ಆಗ್ತಿರಲಿಲ್ಲ. ಹೆಂಡತಿ ಎರಡು ತೋಟಾ ಹೊಡೆದಳು, ಭುಜ ನೀಲಿ ಆಯ್ತು, ಮತ್ತೆ ಅದನ್ನು ಮುಟ್ಟಲಿಲ್ಲ. ನಾನು ಊರಲ್ಲಿ ಇಲ್ಲದ ರಾತ್ರಿ ಅವಳು ಮುಟ್ಟಲಾಗದ ಕೋವಿ ಮನೆಯಲ್ಲಿದ್ದು ಏನು ಬಂತು?

ಕೊನೆಗೆ ಎರಡನ್ನೂ ಮಾರಿದಾಗ ಹಾಕಿದ ದುಡ್ಡಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂತು, ಅಷ್ಟೇ. ರೈಫಲ್ ಮೇಲಿದ್ದ ದುರ್ಬೀನಿಗೆ ಒಂದು ಕಾಸೂ ಸಿಗಲಿಲ್ಲ.

20 ಬೋರ್ ತಂದ ಮೇಲೂ ಮೊದಲ ಎರಡು ತಿಂಗಳು 12 ಬೋರ್ ಮನೆಯಲ್ಲೇ ಇತ್ತು. ಒಂದು ದಿನ ಶಿಕಾರಿಗೆ ಹೊರಟಾಗ 12ರ ಜೊತೆಗಿದ್ದ ಚೀಲದಲ್ಲಿ ಒಂದು ಹಳದಿ ತೋಟಾ ಕೈಗೆ ಸಿಕ್ಕಿತು. ಎದೆ ಧಸಕ್ಕೆಂದಿತು. 20ರ ತೋಟಾ 12ರ ಚೇಂಬರಿಗೆ (ತೋಟಾ ಕೂರುವ ಜಾಗಕ್ಕೆ) ಬಿದ್ದರೆ ಜಾರಿ ಮುಂದೆ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತೆ. ಹಿಂದಿನಿಂದ 12ರದ್ದು ಹಾಕಿ ಹೊಡೆದರೆ ನಳಿಗೆ ಒಡೆದು ಕೈ ಹೋಗುತ್ತೆ. 20ಕ್ಕೆ ಹಳದಿ ಬಣ್ಣ ಇಟ್ಟಿದ್ದೇ ಇದಕ್ಕಾಗಿ. ಅವತ್ತೇ ತೀರ್ಮಾನ ಮಾಡಿದೆ: ಮನೆಯಲ್ಲಿ ಒಂದೇ ಬೋರ್. 12 ಹೋಯ್ತು.

ಕೋವಿ ಆರಿಸುವಾಗ ಬೋರಿಗಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಸೇಫ್ಟಿ (ತಪ್ಪಿ ಗುಂಡು ಹಾರದ ಹಾಗೆ ತಡೆಯುವ ಗುಂಡಿ) ಎಲ್ಲಿದೆ ಅನ್ನುವುದಕ್ಕೆ. ನನ್ನ ಹೆಂಡತಿ ಎಡಗೈಯವಳು, ಎಡಗಣ್ಣಲ್ಲೇ ಗುರಿ ಹಿಡಿಯುತ್ತಾಳೆ. ರೆಮಿಂಗ್ಟನ್ 870ರಲ್ಲಿ ಸೇಫ್ಟಿ ಟ್ರಿಗರಿನ ಹಿಂದೆ ಅಡ್ಡ ಗುಂಡಿ, ಬಲಗೈಗೆ ಮಾಡಿದ್ದು. ಮಾಸ್‌ಬರ್ಗ್ 500ರಲ್ಲಿ ಅದು ಮೇಲೆ, ಹೆಬ್ಬೆರಳ ಕೆಳಗೆ ಇರುತ್ತೆ. ಎರಡು ಕೈಗೂ ಒಂದೇ. ನಮ್ಮ ಮನೆಯ ಮಟ್ಟಿಗೆ ಅಲ್ಲಿಗೇ ಮಾತು ಮುಗಿಯಿತು. ಹಿಡಿಯನ್ನು ಅವಳ ತೋಳಿಗೆ ತಕ್ಕಂತೆ ಒಂದೂವರೆ ಬೆರಳು ಕುಯ್ಯಿಸಿದೆ. ನನಗೆ ಬೇಕಾದಾಗ ಹಿಂದೆ ದಪ್ಪ ರಬ್ಬರ್ ಸೇರಿಸಿಕೊಳ್ಳುತ್ತೇನೆ. ದೊಡ್ಡವರ ಹಿಡಿ ಚಿಕ್ಕವರಿಗೆ ಆಗಲ್ಲ. ಚಿಕ್ಕವರದ್ದು ದೊಡ್ಡವರಿಗೆ ಹೇಗೋ ಆಗುತ್ತೆ.

ಈಗ ನಳಿಗೆ ವಿಷಯ. ಮನೆಗೆ ಗಿಡ್ಡ, ನುಣುಪು ನಳಿಗೆ. ಶಿಕಾರಿಗೆ 24 ಇಂಚಿನ, ಪೂರ್ತಿ ರೈಫಲಿಂಗ್ (ಒಳಗೆ ಸುತ್ತಿ ಹೋಗುವ ಗೀರು) ಇರುವ ಸ್ಲಗ್ ನಳಿಗೆ, ಅಂದರೆ ಒಂಟಿ ದಪ್ಪ ಗುಂಡಿನ ತೋಟಾಕ್ಕೆ ಮಾಡಿದ್ದು. ಎಲ್ಲರೂ ಬೇಡ ಅಂದಿದ್ದು ಇಲ್ಲಿ. "ನಳಿಗೆ ಬಿಚ್ಚಿ ಹಾಕಿದ್ರೆ ಗುರಿ ಉಳಿಯಲ್ಲ ಕಣೋ" ಅಂದರು. ದುರ್ಬೀನು ಕೋವಿಯ ಮೈಮೇಲೆ ಇದ್ದರೆ ಅವರ ಮಾತು ನಿಜ. ನಾನೂ ಮೊದಲು ಹಾಗೇ ಮಾಡಿ ಮೂರು ಪೆಟ್ಟಿಗೆ ತೋಟಾ ಸುಟ್ಟೆ. ಪ್ರತಿ ಸಲ ಗುರಿ ಬೇರೆ ಕಡೆ. ಆಮೇಲೆ ದುರ್ಬೀನಿನ ಪಟ್ಟಿ ನಳಿಗೆಗೇ ಬೆಸೆದಿರುವ ಕ್ಯಾಂಟಿಲಿವರ್ ನಳಿಗೆ ತಂದೆ. ನಳಿಗೆ ಬಂದರೆ ದುರ್ಬೀನೂ ಬರುತ್ತೆ, ಹೋದರೆ ಜೊತೆಗೇ ಹೋಗುತ್ತೆ. 75 ಮೀಟರಿನಲ್ಲಿ ಹತ್ತು ಸಲ ಬಿಚ್ಚಿ ಹಾಕಿ ಹೊಡೆದೆ. ಗುಂಡು ಬೀಳುವ ಜಾಗ ನಾಲ್ಕು ಬೆರಳಿಗಿಂತ ಆಚೆ ಹೋಗಲಿಲ್ಲ. ನಳಿಗೆಯನ್ನು ಬಿಗಿಯುವ ಮುಂದಿನ ಕ್ಯಾಪನ್ನು ಪ್ರತಿ ಸಲ ಒಂದೇ ಬಿಗಿಗೆ ತರೋಕೆ ನನ್ನದೊಂದು ಉಪಾಯ ಇದೆ. ಅದನ್ನು ಕಂಡುಹಿಡಿಯಲು ನನಗೆ ಒಂದು ವರ್ಷ ಹಿಡಿಯಿತು, ಹಾಗಾಗಿ ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈ ನಳಿಗೆಗೆ ಸ್ಯಾಬೋ ಸ್ಲಗ್ (ಪ್ಲಾಸ್ಟಿಕ್ ಕವಚದೊಳಗೆ ಕೂತ ಗುಂಡು) ಮಾತ್ರ. ಅಗ್ಗ ಅಂತ ಮಾಮೂಲಿ ಸೀಸದ ಫಾಸ್ಟರ್ ಸ್ಲಗ್ ಹೊಡೆದೆ. ಹತ್ತು ಹದಿನೈದಕ್ಕೆಲ್ಲ ಗೀರುಗಳ ತುಂಬ ಸೀಸ ಮೆತ್ತಿಕೊಂಡಿತು. ಉಜ್ಜೋಕೆ ಎರಡು ಸಂಜೆ ಬೇಕಾಯ್ತು. ಫಾಸ್ಟರ್ ನುಣುಪು ನಳಿಗೆಗೇ ಸರಿ. ಕುತೂಹಲಕ್ಕೆ ಅದೇ ಗೀರು ನಳಿಗೆಯಲ್ಲಿ ಬಕ್‌ಶಾಟ್ (ದಪ್ಪ ಛರ್ರೆಗಳ ತೋಟಾ) ಕೂಡ ಹೊಡೆದು ನೋಡಿದೆ. ಗುಂಡುಗಳು ಸುತ್ತಿಕೊಂಡು ಹೋಗಿ ಕಾಗದದ ಮೇಲೆ ಬಳೆಯ ಹಾಗೆ ಬಿದ್ದವು. ನಡುವೆ ಖಾಲಿ! ಮನೆಗೆ ಬಂದ ತಕ್ಷಣ ನಳಿಗೆ ಬದಲಾಯಿಸದೆ ಊಟಕ್ಕೂ ಕೂರುವುದಿಲ್ಲ ಅನ್ನುವುದು ಅವತ್ತಿನಿಂದ ನನ್ನ ಪದ್ಧತಿ.

ನನ್ನ ದೊಡ್ಡ ತಪ್ಪು ಎರಡನೇ ಸೀಸನ್ನಿನದು. ಗುರಿ ಕೂರಿಸಿದ ತೋಟಾ ಮುಗಿದಿತ್ತು. ಅದೇ ತೂಕ ಅಂತ ಬೇರೆ ಕಂಪನಿಯದು ಹಾಕಿಕೊಂಡು ಹೋದೆ. 60 ಮೀಟರಿನಲ್ಲಿ ಒಂದು ಗಂಡು ಹಂದಿ ಅಡ್ಡ ನಿಂತಿತ್ತು. ಗುಂಡು ಅರ್ಧ ಗೇಣು ಹಿಂದೆ ಬಿತ್ತು. ರಕ್ತದ ಜಾಡು ಹಿಡಿದು ಮೂರು ಗಂಟೆ ನಡೆದು, ಕತ್ತಲಾಗುವ ಮುಂಚೆ ಅದನ್ನು ಮುಗಿಸಿದೆ. ಆ ಮೂರು ಗಂಟೆ ಆ ಪ್ರಾಣಿ ಪಟ್ಟ ಪಾಡು ಈಗಲೂ ಕಣ್ಣ ಮುಂದಿದೆ. ಮಾರನೇ ವಾರ ಕಾಗದದ ಮೇಲೆ ನೋಡಿದರೆ ಆ ತೋಟಾ 12-13 ಸೆಂಟಿಮೀಟರ್ ಪಕ್ಕಕ್ಕೆ ಬೀಳ್ತಿತ್ತು. ಹಂದಿಯ ಹೃದಯ ನಾವು ಅಂದುಕೊಳ್ಳುವುದಕ್ಕಿಂತ ಕೆಳಗೆ, ಮುಂಗಾಲಿನ ಹತ್ತಿರ ಇರುತ್ತೆ. ದೊಡ್ಡ ಗಂಡಿಗೆ ಭುಜದ ಮೇಲೆ ಗಡುಸು ಚರ್ಮದ ಗುರಾಣಿ ಬೇರೆ. ಅಲ್ಲಿ ಅರ್ಧ ಗೇಣು ತಪ್ಪಿದರೆ ಎಲ್ಲ ತಪ್ಪಿದ ಹಾಗೆ. ಸರಿಯಾದ ತೋಟಾದಲ್ಲಿ 20 ಬೋರ್ ಎಲ್ಲೂ ಕಮ್ಮಿ ಬಿದ್ದಿಲ್ಲ. ಏಳು ಹಂದಿಗಳಲ್ಲಿ ಐದು, ಗುಂಡು ಬಿದ್ದ ಮೇಲೆ 20 ಹೆಜ್ಜೆ ದಾಟಲಿಲ್ಲ.

ಮನೆಯ ಕಡೆಗೆ ನಂಬರ್ 3 ಬಕ್‌ಶಾಟ್. 20 ಬೋರಿನ ತೋಟಾದಲ್ಲಿ ಸಾಮಾನ್ಯವಾಗಿ 20 ಗುಂಡು. ಮಲಗುವ ಕೋಣೆ ಬಾಗಿಲಿನಿಂದ ಮನೆಯೊಳಗಿನ ಓಣಿಯ ಕೊನೆಗೆ ಅಳೆದೆ, 9 ಮೀಟರ್. ರೇಂಜಿನಲ್ಲಿ ಅದೇ ದೂರಕ್ಕೆ ಕಾಗದ ಕಟ್ಟಿ ಐದು ಕಂಪನಿಯ ತೋಟಾ ಹೊಡೆದೆ. ಒಂದು ಕಂಪನಿಯದು ಎರಡು ಗೇಣು ಹರಡಿತು. ಇನ್ನೊಂದು ಒಂದೇ ಗೇಣು. ನನಗೆ ಬೇಕಾಗಿದ್ದು ಆ ಎರಡನೆಯದು. ಯಾವ ಕಂಪನಿ ಅಂತ ಕೇಳಬೇಡಿ, ನಿಮ್ಮ ನಳಿಗೆಗೆ ಅದು ಹೊಂದುತ್ತೆ ಅಂತಲೇ ಇಲ್ಲ. ಛರ್ರೆ ಕೋವಿಗೆ ಗುರಿ ಬೇಡ, ಅದೇ ಹರಡಿಕೊಳ್ಳುತ್ತೆ ಅನ್ನುವವರು ಒಮ್ಮೆ 3 ಮೀಟರಿನಲ್ಲಿ ಹೊಡೆದು ನೋಡಲಿ. ಮುಷ್ಟಿಯಷ್ಟು ತೂತು ಬಿಟ್ಟರೆ ಬೇರೆ ಏನೂ ಇರಲ್ಲ.

ಒಳಗೋಡೆಗೆ ಹಾಕುವ ಜಿಪ್ಸಂ ಹಲಗೆಗಳನ್ನು ಜೋಡಿ ಜೋಡಿಯಾಗಿ ನಿಲ್ಲಿಸಿಯೂ ನೋಡಿದೆ. ಬಕ್‌ಶಾಟ್ ಎರಡು ಗೋಡೆ ದಾಟಿ ಹಿಂದಿನ ಕಾಗದ ಹರಿಯಿತು. ಸ್ಲಗ್‌ಗೆ ಹಲಗೆ ಇದ್ದದ್ದೇ ಗೊತ್ತಾಗಲಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಗುರಿಯ ಹಿಂದೆ ಇಟ್ಟಿಗೆ ಗೋಡೆ ಬರುವ ಹಾಗೆ ಇಬ್ಬರೂ ಗೊತ್ತು ಮಾಡಿಕೊಂಡಿದ್ದೇವೆ. ಮಕ್ಕಳ ಕೋಣೆ ಕಡೆ ಕೋವಿ ತಿರುಗುವುದೇ ಇಲ್ಲ. ಕೋವಿ ಬೀಗದ ಪೆಟ್ಟಿಗೆಯಲ್ಲಿ, ಚೇಂಬರ್ ಖಾಲಿ. ಟಾರ್ಚ್ ಬೇರೆಯಾಗಿ ಕೈಯಲ್ಲಿ. ಕೋವಿಗೇ ಕಟ್ಟಿದ ಟಾರ್ಚಿನಲ್ಲಿ ಯಾರು ಅಂತ ನೋಡೋಕೆ ಹೋದರೆ ಮನೆಯವರ ಮೇಲೇ ನಳಿಗೆ ಹಿಡಿದ ಹಾಗಾಗುತ್ತೆ, ಅಲ್ವಾ? ಪಂಪನ್ನು (ಮುಂದಿನ ತೋಟಾ ಏರಿಸೋಕೆ ನಳಿಗೆಯ ಕೆಳಗೆ ಹಿಂದೆ-ಮುಂದೆ ಎಳೆಯುವ ಹಿಡಿ) ಅರ್ಧ ಎಳೆದು ತೋಟಾ ಸಿಕ್ಕಿಹಾಕಿಕೊಳ್ಳುವುದು ಹೆಂಡತಿಗೆ ಮೊದಲು ತುಂಬ ಆಗ್ತಿತ್ತು. ಸುಳ್ಳು ತೋಟಾ ಹಾಕಿ ದಿನಾ ಹತ್ತು ಸಲ ಎಳೆಸಿದೆ. ಒಂದು ತಿಂಗಳಲ್ಲಿ ನಿಂತಿತು.

ಒಟ್ಟು ಲೆಕ್ಕ ನೋಡಿದರೆ ಕೋವಿಗೆ ಹಾಕಿದ್ದಕ್ಕಿಂತ ಎರಡನೇ ನಳಿಗೆ ಮತ್ತು ದುರ್ಬೀನಿಗೆ ಜಾಸ್ತಿ ಹೋಗಿದೆ. ಕಾಗದ ಹರಿಯೋಕೆ ಸುಟ್ಟ ತೋಟಾ ಇನ್ನೊಂದು ಕೋವಿಯ ಬೆಲೆಯಷ್ಟಾಗಿರಬೇಕು.  ಗುರಿ ಕೂರಿಸಿದ ಸ್ಲಗ್ಗಿನ ಅದೇ ಲಾಟ್ ನಂಬರಿನ ಪೆಟ್ಟಿಗೆಗಳನ್ನು ಒಟ್ಟಿಗೇ ಕೊಂಡಿಟ್ಟಿದ್ದೆ. ಇನ್ನು ಮೂರು ಉಳಿದಿವೆ. ಅವು ಮುಗಿದ ದಿನ ಮತ್ತೆ ಕಾಗದ ಕಟ್ಟಬೇಕು.