ಹೆಡ್ ಬಿಚ್ಚುವ ಮೊದಲು ಆಯಿಲ್ ಕೂಲರ್ ನೋಡಿ

ಎಂಜಿನ್ ತಣಿಸುವ ಕೂಲೆಂಟ್ (ನಮ್ಮ ಮಾತಲ್ಲಿ ನೀರು) ಕಡಿಮೆಯಾಗುತ್ತಲೇ ಇದೆ, ಗಾಡಿ ನಿಂತ ಜಾಗದಲ್ಲಿ ಮಾತ್ರ ಒಂದು ಹನಿಯೂ ಬಿದ್ದಿಲ್ಲ. ಇಂಥ ಗಾಡಿಯ ವಿಷಯ ಯಾರನ್ನು ಕೇಳಿದರೂ ಬರುವುದು ಒಂದೇ ಮಾತು: ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಿ.’ ಹೆಡ್ ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಮುಚ್ಚಳ, ಅದರ ಅಡಿಯಲ್ಲಿ ಸೋರದಂತೆ ಹಾಕುವ ಪದರವೇ ಗ್ಯಾಸ್ಕೆಟ್. ಬೆಂಗಳೂರಿನ ಮಾಗಡಿ ರಸ್ತೆ ಕಡೆ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಹೆಚ್ಚಾಗಿ ಬರುವುದು ಪಿಕಪ್, ಟೆಂಪೋ, ಮಾರ್ಕೆಟ್ ಗಾಡಿಗಳು. ಆ ಮಾತು ನಂಬಿ ಹೆಡ್ ಬಿಚ್ಚಿಸಿ, ಲೇತ್‌ಗೆ ಕೊಟ್ಟು, ಹೊಸ ಗ್ಯಾಸ್ಕೆಟ್ ಹಾಕಿಸಿದ ಮೇಲೂ ನೀರು ಹೋಗುತ್ತಲೇ ಇದ್ದ ಗಾಡಿಗಳು ನನ್ನ ಹತ್ತಿರ ಬಂದಿವೆ. ದುಡ್ಡೂ ಹೋಯಿತು, ಬಾಡಿಗೆಯೂ ಹೋಯಿತು, ತೊಂದರೆ ಹಾಗೇ ಉಳಿಯಿತು. ಅದಕ್ಕೇ ಒಂದು ಪಿಕಪ್‌ನ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆಯುತ್ತಿದ್ದೇನೆ.

ಮಾಲೂರು ಕಡೆಯಿಂದ ಕೆ.ಆರ್. ಮಾರ್ಕೆಟ್‌ಗೆ ಹೂವು, ತರಕಾರಿ ಹೊಡೆಯುವ ಗಾಡಿ ಅದು. 2.5 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಡೀಸೆಲ್. ಓಡಿಸುವ ಹುಡುಗನೇ ಮಾಲೀಕ, ಇಎಂಐ ಇನ್ನೂ ಕಟ್ಟುತ್ತಿದ್ದಾನೆ.

‘ಅಣ್ಣ, ಎರಡು ದಿನಕ್ಕೊಂದು ಲೋಟ ನೀರು ಕುಡೀತಾ ಇದೆ. ಹೀಟ್ ಏನೂ ಆಗ್ತಿಲ್ಲ. ಹೆಡ್ ಇಳಿಸ್ಬೇಕಾ?’

‘ನೀರು ಎಲ್ಲಿಗೆ ಹೋಗ್ತಿದೆ ಅಂತ ಮೊದಲು ನೋಡೋಣ. ಅಲ್ಲೀತನಕ ಗಾಡಿ ಸ್ಟಾರ್ಟ್ ಮಾಡ್ಬೇಡ,’ ಅಂದೆ.

ಗೇಜ್ ಕಡ್ಡಿ ಎಳೆದರೆ ಆಯಿಲ್ ಮೇಲಿನ ಗೆರೆ ದಾಟಿತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದೆ. ಒಳಗಡೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ನೊರೆ ಮೆತ್ತಿತ್ತು. ಮುಚ್ಚಳದ ನೊರೆ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬರೀ ಹತ್ತಿರ ಹತ್ತಿರ ಓಡಿಸುವ ಗಾಡಿಗೂ ಒಳಗಿನ ಆವಿ ತಣಿದು ಹೀಗೇ ಆಗುತ್ತದೆ. ಕಡ್ಡಿಯ ತುದಿಯಿಂದ ಒಂದು ಹನಿ ಆಯಿಲ್ ತೆಗೆದು ಕಾದ ಕಬ್ಬಿಣದ ತಗಡಿನ ಮೇಲೆ ಬಿಡಿ. ಆಯಿಲ್ ಮಾತ್ರ ಇದ್ದರೆ ಸುಮ್ನೆ ಹರಡಿ ಹೊಗೆಯಾಡುತ್ತದೆ. ನೀರಿದ್ದರೆ ಚಟಪಟ ಸಿಡಿಯುತ್ತದೆ. ಇದು ಸಿಡಿಯಿತು.

ರಿಸರ್ವ್ ಟ್ಯಾಂಕಿನಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಕೂಲೆಂಟ್ ಮೇಲೆ ಕಂದು ಬಣ್ಣದ ಜಿಡ್ಡು ಪದರ ಕಟ್ಟಿತ್ತು. ಅಂದರೆ ನೀರು ಆಯಿಲ್‌ಗೆ ಹೋಗುತ್ತಿದೆ, ಆಯಿಲ್ ಕೂಡ ನೀರಿಗೆ ಬರುತ್ತಿದೆ. ಹೀಗೆ ಎರಡೂ ಕಡೆ ಹೋಗಿ ಬರುವುದಕ್ಕೆ ಕಾರಣ ಪ್ರೆಶರ್. ಎಂಜಿನ್ ಓಡುವಾಗ ಆಯಿಲ್ ಪ್ರೆಶರ್ 3ರಿಂದ 5 ಬಾರ್ ಇರುತ್ತದೆ, ಕೂಲೆಂಟ್‌ನದು ಹೆಚ್ಚೆಂದರೆ 1 ಬಾರ್ ಚಿಲ್ಲರೆ. ಆಗ ಆಯಿಲ್ ನೀರಿನೊಳಗೆ ನುಗ್ಗುತ್ತದೆ. ಆಫ್ ಮಾಡಿದ ತಕ್ಷಣ ಆಯಿಲ್ ಪ್ರೆಶರ್ ಸೊನ್ನೆಗೆ ಇಳಿಯುತ್ತದೆ, ಬಿಸಿ ಕೂಲೆಂಟ್‌ನ ಪ್ರೆಶರ್ ಮಾತ್ರ ಹಾಗೇ ಇರುತ್ತದೆ. ಆಗ ಅದೇ ತೂತಿನಿಂದ ನೀರು ಆಯಿಲ್ ಕಡೆ ಬರುತ್ತದೆ. ಹಾಗಾಗಿ ಪ್ರೆಶರ್ ಇರುವ ಆಯಿಲ್ ದಾರಿ, ನೀರಿನ ದಾರಿ ಎರಡೂ ಅಕ್ಕಪಕ್ಕ ಇರುವ ಜಾಗದಲ್ಲೇ ತೂತು ಇರಬೇಕು. ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಕೆಳಗಿನ ರಬ್ಬರ್ ರಿಂಗ್ ಹೋಗಿದ್ದರೆ ನೀರು ಚೇಂಬರ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ ನಿಜ, ಆದರೆ ಅಲ್ಲಿ ಆಯಿಲ್‌ಗೆ ಪ್ರೆಶರ್ ಇಲ್ಲ, ರಿಸರ್ವ್ ಟ್ಯಾಂಕ್‌ಗೆ ಜಿಡ್ಡು ಬರುವುದಿಲ್ಲ. ಎಂಜಿನ್‌ಗೆ ವಾಪಸ್ ಕಳಿಸುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಒಡೆದಿದ್ದರೆ ಬಿಳಿ ಹೊಗೆ, ಸಿಹಿ ವಾಸನೆ ಬರುತ್ತದೆ, ಆಯಿಲ್ ಸಾಮಾನ್ಯವಾಗಿ ಚೊಕ್ಕವಾಗಿರುತ್ತದೆ. ಉಳಿದದ್ದು ಎರಡೇ: ಆಯಿಲನ್ನು ಕೂಲೆಂಟ್‌ನಿಂದ ತಣಿಸುವ ಆಯಿಲ್ ಕೂಲರ್, ಇಲ್ಲವೇ ಹೆಡ್‌ಗೆ ಆಯಿಲ್ ಹತ್ತುವ ದಾರಿಯ ಹತ್ತಿರ ಗ್ಯಾಸ್ಕೆಟ್.

ಸಂಜೆ ತಣ್ಣಗಿದ್ದ ಎಂಜಿನ್‌ಗೆ ರೇಡಿಯೇಟರ್ ಮುಚ್ಚಳದ ಜಾಗದಲ್ಲಿ ಪ್ರೆಶರ್ ಟೆಸ್ಟರ್ ಕೂರಿಸಿ 1 ಬಾರ್‌ವರೆಗೆ ಪಂಪ್ ಹೊಡೆದು ಬಿಟ್ಟೆ. ಬೆಳಗ್ಗೆ ಮುಳ್ಳು ತುಂಬಾ ಇಳಿದಿತ್ತು, ಹೊರಗೆಲ್ಲೂ ಒದ್ದೆ ಇಲ್ಲ. ಕೆಳಗೆ ಮಲಗಿ ಚೇಂಬರ್‌ನ ಡ್ರೈನ್ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿದೆ. ಪೂರ್ತಿ ತೆಗೆದುಬಿಟ್ಟರೆ ಎಲ್ಲ ಒಟ್ಟಿಗೆ ಸುರಿದು ಏನೂ ಗೊತ್ತಾಗುವುದಿಲ್ಲ. ಕೂಲೆಂಟ್ ಆಯಿಲ್‌ಗಿಂತ ಭಾರ, ರಾತ್ರಿಯೆಲ್ಲ ತಳ ಸೇರಿರುತ್ತದೆ. ಬೋಲ್ಟಿನ ಮರೆ ಪಕ್ಕದಿಂದ ಮೊದಲು ತೆಳ್ಳಗೆ ಹಸಿರು ನೀರು ಬಂತು, ಬೆರಳಿಗೆ ಜಾರುತ್ತಿತ್ತು. ಆಮೇಲೆ ಕಂದು ಗಂಜಿ, ಅದರ ಹಿಂದೆ ಆಯಿಲ್. ನೀರು ಹೋಗಿ ಸೇರುತ್ತಿರುವುದು ಚೇಂಬರ್‌ಗೇ ಅಂತ ಇಲ್ಲಿಗೆ ಖಾತ್ರಿಯಾಯಿತು.

ಹಳೇ ಆಯಿಲ್ ಪೂರ್ತಿ ಇಳಿಸಿ ಬೇರೆ ಆಯಿಲ್ ಹಾಕಿದ ಮೇಲೆಯೇ ಎಂಜಿನ್ ತಿರುಗಿಸಿದ್ದು. ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ನಾಲ್ಕೂ ಬಿಚ್ಚಿ ಆ ತೂತಿನಿಂದ ಕ್ಯಾಮೆರಾ ಇಳಿಸಿದೆ. ನೀರು ಸಿಲಿಂಡರ್‌ಗೆ ಹೋಗುತ್ತಿದ್ದರೆ ಆ ಒಂದು ಪಿಸ್ಟನ್‌ನ ತಲೆ ಆವಿಗೆ ತೊಳೆದು ಹೊಳೆಯುತ್ತದೆ. ಇಲ್ಲಿ ನಾಲ್ಕೂ ಒಂದೇ ತರ ಕಪ್ಪಗಿದ್ದವು. ಕಂಪ್ರೆಶನ್ ನೋಡಿದೆ, ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಬಂತು. ಡೀಸೆಲ್‌ನಲ್ಲಿ 25ರಿಂದ 30 ಬಾರ್ ಆಸುಪಾಸು ಇದ್ದರೆ ಒಳ್ಳೆಯದು, ಅದಕ್ಕಿಂತ ಮುಖ್ಯ ಒಂದಕ್ಕೊಂದು ವ್ಯತ್ಯಾಸ ಇರಬಾರದು. ಪ್ಲಗ್ ವಾಪಸ್ ಹಾಕಿ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಪೈಪ್ ಹಿಡಿದುಕೊಂಡೆ. ಸಿಲಿಂಡರ್‌ನ ಗ್ಯಾಸ್ ನೀರಿಗೆ ನುಗ್ಗುತ್ತಿದ್ದರೆ, ನೀರು ಬಿಸಿಯಾಗುವ ಮೊದಲೇ ಪೈಪ್ ಬಿರುಸಾಗುತ್ತದೆ. ಇದು ಮೆತ್ತಗೇ ಇತ್ತು. ಗ್ಯಾಸ್ ಪತ್ತೆ ಮಾಡುವ ಬಣ್ಣದ ದ್ರಾವಣದ ಟೆಸ್ಟ್ ಒಂದಿದೆ. ಡೀಸೆಲ್ ಗಾಡಿ ಐಡಲ್‌ನಲ್ಲಿ ಬಿಡುವ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಇರುವುದರಿಂದ ನಾನು ಅದೊಂದನ್ನೇ ನಂಬುವುದಿಲ್ಲ.

ಇಷ್ಟಾದರೂ ಗ್ಯಾಸ್ಕೆಟ್ ಪೂರ್ತಿ ಸರಿ ಅಂತ ಹೇಳುವ ಹಾಗಿಲ್ಲ. ಸಿಲಿಂಡರ್ ಸುತ್ತ ಗಟ್ಟಿಯಾಗಿದ್ದು, ಆಯಿಲ್ ದಾರಿಯ ಹತ್ತಿರ ಮಾತ್ರ ಹೋಗಿರಬಹುದು. ಆದರೆ ಕೂಲರ್ ಬಿಚ್ಚುವುದು ಒಂದು ಹೊತ್ತಿನ ಕೆಲಸ. ಹೆಡ್ ಇಳಿಸಿದರೆ ಟೈಮಿಂಗ್, ಇಂಜೆಕ್ಟರ್, ಟರ್ಬೊ ಪೈಪ್ ಎಲ್ಲ ಬಿಚ್ಚಬೇಕು. ಸುಲಭದ್ದನ್ನು ಮೊದಲು ನೋಡಬೇಕು, ಅಲ್ವಾ?

ಈ ಎಂಜಿನ್‌ನಲ್ಲಿ ಆಯಿಲ್ ಫಿಲ್ಟರ್ ಕೂರುವ ಹೌಸಿಂಗ್ ಹಿಂದೆಯೇ ಕೂಲರ್ ಇದೆ. ತೆಳ್ಳನೆಯ ಅಲ್ಯೂಮಿನಿಯಂ ತಗಡುಗಳನ್ನು ಒಂದರ ಮೇಲೊಂದು ಬೆಸೆದ ಕಟ್ಟು. ಒಂದು ಸಂದಿನಲ್ಲಿ ಆಯಿಲ್, ಮುಂದಿನ ಸಂದಿನಲ್ಲಿ ನೀರು. ಬಿಚ್ಚಿ ಡೀಸೆಲ್‌ನಲ್ಲಿ ತೊಳೆದೆ. ಆಯಿಲ್ ಬರುವ ಬಾಯಿಗೆ ರಬ್ಬರ್ ಕೊಟ್ಟು ಪಟ್ಟಿ ಬಿಗಿದು, ಹೋಗುವ ಬಾಯಿಂದ 3 ಬಾರ್ ಗಾಳಿ ಕೊಟ್ಟು ಬಕೆಟ್‌ನಲ್ಲಿ ಮುಳುಗಿಸಿದೆ. ತಣ್ಣೀರಲ್ಲಿ ಏನೂ ಕಾಣಲಿಲ್ಲ. ಕೈ ತಡೆಯದಷ್ಟು ಬಿಸಿ ನೀರು ಸುರಿದೆ. ಲೋಹ ಹಿಗ್ಗಿದಾಗಷ್ಟೇ ಬಾಯಿಬಿಡುವ ಬಿರುಕುಗಳಿರುತ್ತವೆ. ಸ್ವಲ್ಪ ಹೊತ್ತಿಗೆ ನೀರಿನ ಬಾಯಿಂದ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಟಾರ್ಚ್ ಬಿಟ್ಟು ನೋಡಿದರೆ ಮೂಲೆಯಲ್ಲಿ ಬಿಳಿ ಪುಡಿ ಕಟ್ಟಿದೆ, ಅದರ ಅಡಿಯಿಂದ ಗಾಳಿ ಬರುತ್ತಿದೆ. ಹುಡುಗನನ್ನು ಕರೆದು ತೋರಿಸಿದೆ. ಗಾಡಿಯವರಿಗೆ ಇದನ್ನು ಕಣ್ಣಾರೆ ತೋರಿಸಲೇಬೇಕು, ದುಡ್ಡು ಅವರದ್ದು.

ಆ ಬಿಳಿ ಪುಡಿಗೆ ಕಾರಣ ಬೋರ್‌ವೆಲ್ ನೀರು. ಟ್ಯಾಂಕ್ ಇಳಿದಾಗೆಲ್ಲ ಹುಡುಗ ಸಿಕ್ಕ ನಲ್ಲಿಯಿಂದ ಹಿಡಿದು ಹಾಕಿದ್ದ. ನಮ್ಮ ಕಡೆಯ ಬೋರ್ ನೀರು ಗಡಸು. ಅದರ ಉಪ್ಪು ಬಿಸಿ ಲೋಹದ ಮೇಲೆ ಪದರ ಕಟ್ಟುತ್ತದೆ, ಕೂಲೆಂಟ್‌ನಲ್ಲಿರುವ ತುಕ್ಕು ತಡೆಯುವ ಮದ್ದು ತೆಳುವಾಗುತ್ತದೆ, ಅಲ್ಯೂಮಿನಿಯಂ ಒಳಗಿಂದ ಸವೆಯುತ್ತದೆ. ಇನ್ನೊಂದು ವಿಷಯ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ತೆರೆದ ನೀರು 97 ಡಿಗ್ರಿಗೇ ಕುದಿಯುತ್ತದೆ. ಬರೀ ನೀರು ಹಾಕಿ, ಸಡಿಲ ಮುಚ್ಚಳ ಇಟ್ಟುಕೊಂಡು ಲೋಡ್ ಹೊಡೆದರೆ ಎಂಜಿನ್ ಕಾಯದೆ ಇರುತ್ತದೆಯೇ?

ಕೂಲರ್‌ಗೆ ಗ್ಯಾಸ್ ವೆಲ್ಡಿಂಗ್ ಮಾಡಿಸಬಹುದಾ ಅಂತ ಹುಡುಗ ಕೇಳಿದ. ಬೇಡವೇ ಬೇಡ. ತಗಡು ಅಷ್ಟು ತೆಳು, ಒಂದು ಕಡೆ ಮುಚ್ಚಿದರೆ ಪಕ್ಕದ ಬೆಸುಗೆ ಬಿಡುತ್ತದೆ. ಜೆ.ಸಿ. ರಸ್ತೆಯಿಂದ ಹೊಸ ಕೂಲರ್, ಓ ರಿಂಗ್, ಗ್ಯಾಸ್ಕೆಟ್, ರೇಡಿಯೇಟರ್ ಮುಚ್ಚಳ, ಹೋಸ್ ಪೈಪ್ ಎಲ್ಲ ತರಿಸಿದೆ. ಹೊಸ ಕೂಲರನ್ನೂ ಬಕೆಟ್‌ನಲ್ಲಿ ಮುಳುಗಿಸಿ ನೋಡಿಯೇ ಹಾಕಿದ್ದು. ಹೋಸ್ ಪೈಪ್ ಯಾಕೆ ಅಂದರೆ, ಆಯಿಲ್ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಹೆಚ್ಚು ದಿನ ತಡೆಯುವುದಿಲ್ಲ.

ಕೂಲರ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೂಲೆಂಟ್ ಬೆರೆತ ಆಯಿಲ್ ಬೇರಿಂಗ್‌ಗಳನ್ನು ತಿನ್ನುತ್ತದೆ. ಚೇಂಬರ್ ಇಳಿಸಿ ಒಂದೊಂದೇ ಬಿಗ್ ಎಂಡ್ ಕ್ಯಾಪ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಹಿಡಿಯುವ ಕಡೆಯ ಮುಚ್ಚಳ) ತೆಗೆದು ಶೆಲ್, ಅಂದರೆ ಬೇರಿಂಗ್‌ನ ಅರ್ಧ ಬಳೆ ನೋಡಿದೆ. ಇಲ್ಲಿ ಕನೆಕ್ಟಿಂಗ್ ರಾಡ್ ಕಡೆಯ ಮೇಲಿನ ಶೆಲ್ ನೋಡಬೇಕು, ಪಿಸ್ಟನ್ ಒತ್ತಡ ಬೀಳುವುದು ಅದರ ಮೇಲೆ. ಮೇನ್ ಬೇರಿಂಗ್‌ನಲ್ಲಾದರೆ ಕೆಳಗಿನದು. ಬೂದು ಬಣ್ಣ ಸಮನಾಗಿತ್ತು, ತಾಮ್ರ ಕಾಣಲಿಲ್ಲ, ಉಗುರಿಗೆ ಗೀರು ಸಿಗಲಿಲ್ಲ. ತಾಮ್ರ ಕಂಡಿದ್ದರೆ ಶೆಲ್ ಬದಲಿಸಲೇಬೇಕಿತ್ತು. ಆಯಿಲ್ ಪಂಪಿನ ಜಾಲರಿಯಲ್ಲಿ ಗಂಜಿ ಕಟ್ಟಿತ್ತು, ತೊಳೆದು ಹಾಕಿದೆ. ಸಾಧಾರಣ ಆಯಿಲ್, ಹೊಸ ಫಿಲ್ಟರ್ ಹಾಕಿ ಸ್ವಲ್ಪ ಹೊತ್ತು ಐಡಲ್‌ನಲ್ಲಿ ಓಡಿಸಿ ಇಳಿಸಿದೆ. ಬಣ್ಣ ತಿಳಿಯಾಗುವವರೆಗೆ ಹೀಗೇ ಮಾಡಿ, ಕೊನೆಗೆ ಕಂಪನಿ ಹೇಳಿದ ಗ್ರೇಡ್ ಹಾಕಿದೆ.

ನೀರಿನ ಕಡೆ ತೊಳೆಯುವುದು ಇನ್ನೂ ತಾಳ್ಮೆ ಕೇಳುತ್ತದೆ. ಥರ್ಮೋಸ್ಟಾಟ್ ತೆಗೆದು, ನೊರೆ ಬಾರದ ಪಾತ್ರೆ ತೊಳೆಯುವ ಮೆಷಿನ್ ಪುಡಿಯನ್ನು ಬಿಸಿ ನೀರಲ್ಲಿ ಕರಗಿಸಿ ತುಂಬಿ, ಎಂಜಿನ್ ಓಡಿಸಿ, ಇಳಿಸಬೇಕು. ಕ್ಯಾಬಿನ್ ಹೀಟರ್ ತೆರೆದೇ ಇರಬೇಕು, ಇಲ್ಲದಿದ್ದರೆ ಅದರೊಳಗಿನ ಜಿಡ್ಡು ಉಳಿದುಬಿಡುತ್ತದೆ. ಇಳಿಸಿದ ನೀರಿನ ಮೇಲೆ ಬಣ್ಣದ ಪದರ ಕಾಣದ ತನಕ ಬಿಡಲಿಲ್ಲ. ಎಷ್ಟೇ ಇಳಿಸಿದರೂ ಬ್ಲಾಕ್ ಒಳಗೆ ನೀರು ಉಳಿಯುತ್ತದೆ, ಹಾಗಾಗಿ ಕೊನೆಯ ಸಲ ಡಿಸ್ಟಿಲ್ಡ್ ವಾಟರ್‌ನಲ್ಲೇ ಜಾಲಿಸಿ. ಒಟ್ಟು ಹಿಡಿಯುವ ಅಳತೆಯ ಅರ್ಧದಷ್ಟು ಶುದ್ಧ ಕೂಲೆಂಟ್ ಮೊದಲು ಹಾಕಿ, ಮಿಕ್ಕಿದ್ದು ಡಿಸ್ಟಿಲ್ಡ್ ವಾಟರ್ ತುಂಬಿ. ಆಗ ಸಮಪಾಲು ಬರುತ್ತದೆ. ಗಾಡಿಯ ಮೂತಿ ಎತ್ತರಕ್ಕೆ ನಿಲ್ಲಿಸಿ, ಪೈಪ್ ಹಿಸುಕುತ್ತಾ ಗಾಳಿ ತೆಗೆಯಬೇಕು. ಇಳಿಸಿದ ಹಳೇ ಕೂಲೆಂಟನ್ನು ದಯವಿಟ್ಟು ಮೋರಿಗೆ ಚೆಲ್ಲಬೇಡಿ, ತೆರೆದೂ ಇಡಬೇಡಿ. ರುಚಿ ಸಿಹಿ, ನಾಯಿಗಳು ನೆಕ್ಕುತ್ತವೆ. ಸ್ವಲ್ಪವೇ ಸಾಕು, ಕಿಡ್ನಿ ಹೋಗಿ ಸಾಯುತ್ತವೆ. ಮಕ್ಕಳಿಗೂ ಅದು ವಿಷ.

ಗಾಡಿ ಕೊಡುವ ಮೊದಲು ಮತ್ತೆ ರಾತ್ರಿಯೆಲ್ಲ 1 ಬಾರ್ ಪ್ರೆಶರ್‌ನಲ್ಲಿ ಬಿಟ್ಟೆ. ಬೆಳಗ್ಗೆ ಮುಳ್ಳು ಅಲ್ಲೇ ಇತ್ತು. ಸಮಪಾಲು ಬೆರೆಸಿದ ಕೂಲೆಂಟ್ ಒಂದು ಕ್ಯಾನ್ ಹುಡುಗನ ಸೀಟಿನ ಹಿಂದೆ ಇಟ್ಟು, ಟ್ಯಾಂಕ್ ಇಳಿದರೆ ಇದನ್ನೇ ಹಾಕು, ಎಷ್ಟು ಹಾಕಿದೆ ಅಂತ ನನಗೆ ಫೋನ್ ಮಾಡು ಅಂದೆ. ಆಯಿಲ್ ಬದಲಿಸಲು ಬಂದಾಗ ನೋಡಿದೆ, ಕ್ಯಾನಿನ ಸೀಲ್ ಒಡೆದಿರಲಿಲ್ಲ.